ಹಳೆಯ ಸೈನಿಕ ತೋಟಾಗಳ ಹಿತ್ತಾಳೆ: ಗುಜರಿ ವ್ಯಾಪಾರಿಗಳೂ ಕುಲುಮೆ ಮಾಲೀಕರೂ ತಿಳಿದಿರಬೇಕಾದುದು

ಒಂದು ಕಿಲೋಗ್ರಾಂ ಹಿತ್ತಾಳೆ ದೊರೆಯಬೇಕಾದರೆ ಸೈನಿಕ ರೈಫಲ್ಲಿನ ಸುಮಾರು ತೊಂಬತ್ತು ಖಾಲಿ ಕೋಶಗಳು ಬೇಕಾಗುತ್ತವೆ. .303 ಅಥವಾ 7.62 ಮಿಲಿಮೀಟರ್ ತೋಟಾದ ಹಿತ್ತಾಳೆ ಕೋಶವೊಂದರ ತೂಕ ಹನ್ನೊಂದು ಗ್ರಾಂ ಆಸುಪಾಸಿನದು. 5.56 ಮಿಲಿಮೀಟರಿನದಾದರೆ ಆರು ಗ್ರಾಂ ಮಾತ್ರ. ತಾಮ್ರದ ಬೆಲೆ ಏರಿದಾಗಲೆಲ್ಲ ಗುಜರಿ ಮಾರುಕಟ್ಟೆಯಲ್ಲಿ ‘ಮಿಲಿಟರಿ ಹಿತ್ತಾಳೆ’ಯ ಮಾತು ಕೇಳಿಬರುವುದು ಸಹಜ. ಆದರೆ ಈ ಲೆಕ್ಕವನ್ನು ಮೊದಲು ಮುಂದಿಟ್ಟುಕೊಂಡರೆ, ಅನುಮಾನಾಸ್ಪದ ಚೀಲವೊಂದರಲ್ಲಿ ಅಡಗಿರುವ ಲಾಭ ಎಷ್ಟು ಅಲ್ಪ ಎಂಬುದು ವ್ಯಾಪಾರಿಗೆ ತಾನಾಗಿ ಗೋಚರಿಸುತ್ತದೆ. ಆ ಅಲ್ಪ ಲಾಭಕ್ಕೆ ಅಂಟಿಕೊಂಡಿರುವ ಅಪಾಯವಾದರೋ ಅಲ್ಪವಲ್ಲ.

ಹೊಸಪೇಟೆ, ಸಂಡೂರು, ಕಂಪ್ಲಿ ಪ್ರದೇಶದ ಉದ್ಯಮಕ್ಕೆ ಈ ವಿಷಯ ದೂರದ್ದಲ್ಲ. ಗಣಿ ಯಂತ್ರಗಳ ಬಿಡಿಭಾಗ, ಪಂಪುಗಳ ಬುಷ್, ಅಕ್ಕಿ ಗಿರಣಿಯ ಬೇರಿಂಗ್ ಮೊದಲಾದವುಗಳಿಗೆ ಹಿತ್ತಾಳೆ ಹಾಗೂ ಗನ್‌ಮೆಟಲ್ ಎರಕ ಬೇಕು. ಸ್ಪಾಂಜ್ ಐರನ್ ಜೊತೆಗೆ ಕಬ್ಬಿಣದ ಗುಜರಿಯನ್ನು ಕರಗಿಸುವ ಇಂಡಕ್ಷನ್ ಕುಲುಮೆಗಳೂ ಈ ಸೀಮೆಯಲ್ಲಿವೆ. ಎರಡೂ ಬಗೆಯ ಉದ್ದಿಮೆಗೆ ಕಚ್ಚಾವಸ್ತು ಬರುವುದು ಎಲ್ಲೆಲ್ಲಿಂದಲೋ ಸಂಗ್ರಹವಾದ ಲೋಹದ ರಾಶಿಯಿಂದ. ಆ ರಾಶಿಯಲ್ಲಿ ಸೈನಿಕ ಮೂಲದ ವಸ್ತು ಸೇರಿಕೊಂಡಾಗ ಏನಾಗುತ್ತದೆ, ಕಾನೂನು ಏನೆನ್ನುತ್ತದೆ, ಮಾಡಬೇಕಾದುದೇನು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ತೋಟಾದ ನಾಲ್ಕು ಅಂಗಗಳು

ಸಂಡೂರಿನ ಗಣಿ ಕಾರ್ಮಿಕರಿಗೆ ತೋಟಾ ಎಂದರೆ ಬಂಡೆ ಸಿಡಿಸುವ ಮದ್ದಿನ ಕಡ್ಡಿ. ಇಲ್ಲಿ ಹೇಳುತ್ತಿರುವುದು ರೈಫಲ್ಲಿನ ತೋಟಾದ ವಿಷಯ. ಅದಕ್ಕೆ ನಾಲ್ಕು ಅಂಗಗಳು: ಹಿತ್ತಾಳೆಯ ಕೋಶ, ಅದರ ಬುಡದಲ್ಲಿ ಕೂಡಿಸಿದ ಕೇಪು, ಒಳಗಿನ ಮದ್ದು, ಬಾಯಿಯಲ್ಲಿ ಸಿಕ್ಕಿಸಿದ ಗುಂಡು. ಕೋಶದ ಲೋಹ ನೂರಕ್ಕೆ ಎಪ್ಪತ್ತು ಪಾಲು ತಾಮ್ರ, ಮೂವತ್ತು ಪಾಲು ಸತು. ಗುಂಡಿನ ಒಳಗೆ ಸೀಸ, ಮೇಲೆ ತಾಮ್ರಮಿಶ್ರ ಲೋಹದ ತೆಳುವಾದ ಹೊದಿಕೆ. .303ರ ಏಳನೆಯ ಮಾದರಿಯ ಗುಂಡಿನ ತೂಕ 11 ಗ್ರಾಮಿಗಿಂತ ತುಸು ಹೆಚ್ಚು. ಅದರ ಮೂತಿಯೊಳಗೆ ಸೀಸದ ಬದಲು ಅಲ್ಯೂಮಿನಿಯಂ ತುಂಬಿರುತ್ತಿತ್ತು. ಯುದ್ಧಕಾಲದಲ್ಲಿ ಮರದ ನಾರಿನ ತಿರುಳನ್ನೂ ಬಳಸಿದ್ದುಂಟು. ಹೊರನೋಟಕ್ಕೆ ಒಂದೇ ಲೋಹದ ತುಂಡಾಗಿ ಕಾಣುವ ಗುಂಡು ವಾಸ್ತವದಲ್ಲಿ ಮೂರು ನಾಲ್ಕು ವಸ್ತುಗಳ ಮಿಶ್ರಣ.

ಅಮೆರಿಕದಲ್ಲಿ ಹಳೆಯ ಸೈನಿಕ ತೋಟಾಗಳನ್ನು ಬಿಡಿಸಿ ಅಂಗಗಳನ್ನು ಮರುಬಳಸುವ ಹವ್ಯಾಸ ಬಹುಕಾಲದಿಂದ ನಡೆದುಬಂದಿದೆ. ಎರಡನೆಯ ಮಹಾಯುದ್ಧ ಮುಗಿದಾಗ ಅಲ್ಲಿನ ಸರ್ಕಾರದ ಬಳಿ ಅಪಾರ ಪ್ರಮಾಣದ ಮದ್ದು ಉಳಿದಿತ್ತು. ಕಾನ್ಸಾಸ್ ರಾಜ್ಯದ ಬ್ರೂಸ್ ಹಾಜ್ಡನ್ ಎಂಬವರು ಅದನ್ನು ಅಗ್ಗವಾಗಿ ಕೊಂಡು ಗುರಿಕಾರರಿಗೆ ಮಾರಿ ದೊಡ್ಡ ವ್ಯಾಪಾರವನ್ನೇ ಕಟ್ಟಿದರು. ಅಲ್ಲಿ ಗುರಿ ಅಭ್ಯಾಸ ಮಾಡುವವನು ತನ್ನ ತೋಟಾವನ್ನು ತಾನೇ ಮನೆಯಲ್ಲಿ ತುಂಬಿಕೊಳ್ಳುವುದು ಸಾಮಾನ್ಯ. ಆದರೂ ಅಲ್ಲಿನ ಅನುಭವಿಗಳೇ ಒಪ್ಪುವ ಮಾತೊಂದಿದೆ: ಹಳೆಯ ಸೈನಿಕ ತೋಟಾದಿಂದ ಕ್ಷೇಮವಾಗಿ ಮರುಬಳಸಬಹುದಾದ ಅಂಗವೆಂದರೆ ಬಹುಮಟ್ಟಿಗೆ ಗುಂಡು ಮಾತ್ರ. ಯಾವ ಜಾತಿಯದೆಂದು ಗೊತ್ತಿಲ್ಲದ ಮದ್ದನ್ನು ಬೇರೊಂದು ತೋಟಾಗೆ ತುಂಬಿದರೆ ಕೋವಿಯೇ ಒಡೆದೀತು. ಕೋಶಕ್ಕೆ ಹೊಸ ಕೇಪು ಕೂಡಿಸುವುದೂ ಅದರ ರಚನೆಯನ್ನು ಅವಲಂಬಿಸಿದೆ. ಬಾಕ್ಸರ್ ಮಾದರಿಯಲ್ಲಿ ಬುಡದ ನಡುವೆ ಒಂದೇ ರಂಧ್ರವಿರುವುದರಿಂದ ಹಳೆಯ ಕೇಪನ್ನು ಒಳಗಿನಿಂದ ತಳ್ಳಿ ತೆಗೆಯಬಹುದು. ಬರ್ಡನ್ ಮಾದರಿಯಲ್ಲಿ ಆ ಸೌಲಭ್ಯವಿಲ್ಲ. ಬಾಕ್ಸರ್ ಬ್ರಿಟಿಷ್ ಸೇನಾಧಿಕಾರಿ, ಬರ್ಡನ್ ಅಮೆರಿಕದವನು. ಆದರೆ ಅಮೆರಿಕನ್ನರು ಬಾಕ್ಸರನ ಮಾದರಿಯನ್ನು ಹಿಡಿದರು, ಬ್ರಿಟಿಷ್ ಸೈನಿಕ.303ರಲ್ಲಿ ಬರ್ಡನನ ಮಾದರಿ ಉಳಿಯಿತು. ಆದ್ದರಿಂದ ನಮ್ಮ ದೇಶದಲ್ಲಿ ಹಳೆಯ ದಾಸ್ತಾನಾಗಿ ಕಂಡುಬರುವ .303ರ ಕೋಶ ಮರುಬಳಕೆಗೆ ಅನುಕೂಲವೂ ಅಲ್ಲ.

ನಮ್ಮಲ್ಲಿ ಈ ವೃತ್ತಿಗೆ ಅವಕಾಶವೇಕಿಲ್ಲ

1959ರ ಶಸ್ತ್ರಾಸ್ತ್ರ ಕಾಯ್ದೆಯ 3ನೆಯ ಕಲಮಿನಂತೆ ಪರವಾನಗಿಯಿಲ್ಲದೆ ಮದ್ದುಗುಂಡನ್ನು ಹೊಂದುವಂತಿಲ್ಲ. 5ನೆಯ ಕಲಮಿನಂತೆ ಪರವಾನಗಿಯಿಲ್ಲದೆ ಅದನ್ನು ತಯಾರಿಸುವಂತಿಲ್ಲ, ಮಾರುವಂತಿಲ್ಲ, ಮಾರಾಟಕ್ಕೆ ಇಡುವಂತಿಲ್ಲ. ಕಾಯ್ದೆಯ ವ್ಯಾಖ್ಯೆಯು ಮದ್ದುಗುಂಡಿನ ಬಿಡಿಭಾಗಗಳನ್ನೂ ಅದನ್ನು ತಯಾರಿಸುವ ಯಂತ್ರಗಳನ್ನೂ ಒಳಗೊಂಡಿದೆ ಎಂಬುದು ಗಮನಾರ್ಹ. 2019ರ ತಿದ್ದುಪಡಿಯ ತರುವಾಯ 5ನೆಯ ಕಲಮಿನ ಉಲ್ಲಂಘನೆಗೆ ಕನಿಷ್ಠ ಏಳು ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆಯುಂಟು. ಸಜೀವ ತೋಟಾವನ್ನು ಬಿಡಿಸಿ ಮದ್ದನ್ನೋ ಕೇಪನ್ನೋ ಬೇರೆಯಾಗಿ ಮಾರಹೊರಟವನು ‘ನಾನು ಲೋಹದ ವ್ಯಾಪಾರಿ’ ಎಂದು ವಾದಿಸಿ ಪಾರಾಗುವುದು ಕಷ್ಟ.

ಇದಕ್ಕಿಂತ ಸರಳವಾದ ಕಾರಣವೂ ಒಂದಿದೆ. 2016ರ ಶಸ್ತ್ರಾಸ್ತ್ರ ನಿಯಮಗಳ ಒಂದನೆಯ ಅನುಸೂಚಿಯಂತೆ .303 ಹಾಗೂ 7.62 ಮಿಲಿಮೀಟರಿನ ಸೈನಿಕ ತೋಟಾವನ್ನು ಹಾರಿಸಬಲ್ಲ ರೈಫಲ್ ನಿರ್ಬಂಧಿತ ವರ್ಗಕ್ಕೆ ಸೇರಿದೆ. ಸಾಮಾನ್ಯ ಪರವಾನಗಿದಾರನಿಗೆ ಅಂಥ ರೈಫಲ್ ದೊರೆಯುವುದಿಲ್ಲ. ಸರ್ಕಾರಿ ಕಾರ್ಖಾನೆ ನಾಗರಿಕರಿಗೆಂದು .315ರ ರೈಫಲ್ಲನ್ನು ತಯಾರಿಸಿದ್ದು ಈ ನಿರ್ಬಂಧದ ಕಾರಣದಿಂದಲೇ. ಎಂದಮೇಲೆ ಹಳೆಯ ಸೈನಿಕ ತೋಟಾವನ್ನು ಪುನಃ ತುಂಬಿದರೂ ಅದನ್ನು ಕಾನೂನುಬದ್ಧವಾಗಿ ಕೊಳ್ಳುವವನು ನಮ್ಮ ಮಾರುಕಟ್ಟೆಯಲ್ಲಿ ಇಲ್ಲ. ಕೊಳ್ಳಲು ಬರುವವನು ಯಾರಿರಬಹುದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ವಯಸ್ಸಾದ ತೋಟಾ

‘ಹಳೆಯದು, ಸತ್ತಿರುತ್ತದೆ’ ಎಂಬ ನಂಬಿಕೆ ಗುಜರಿ ವ್ಯಾಪಾರದಲ್ಲಿ ವ್ಯಾಪಕವಾಗಿದೆ. ಇದು ತಪ್ಪು ಮಾತ್ರವಲ್ಲ, ಹಲವು ವೇಳೆ ವಾಸ್ತವಕ್ಕೆ ವಿರುದ್ಧ. .303ರ ಹಳೆಯ ತೋಟಾಗಳ ಮದ್ದು ಕಾರ್ಡೈಟ್. ಏಬೆಲ್ ಮತ್ತು ಡ್ಯೂಯರ್ ಎಂಬ ವಿಜ್ಞಾನಿಗಳು 1889ರಲ್ಲಿ ಇದಕ್ಕೆ ಹಕ್ಕುಸ್ವಾಮ್ಯ ಪಡೆದರು. ಶ್ಯಾವಿಗೆಯಂತೆ ಎಳೆಎಳೆಯಾಗಿರುವ ಈ ಮದ್ದಿನಲ್ಲಿ ನೈಟ್ರೋಗ್ಲಿಸರಿನ್ ಹಾಗೂ ಗನ್‌ಕಾಟನ್ ಎಂಬ ನೈಟ್ರೇಟುಗೊಳಿಸಿದ ಹತ್ತಿ ಮುಖ್ಯ ಘಟಕಗಳು. ನೈಟ್ರೇಟುಗೊಳಿಸಿದ ಹತ್ತಿ ಕಾಲಕ್ರಮೇಣ ತಾನಾಗಿ ವಿಘಟಿಸುತ್ತ ಆಮ್ಲಗುಣದ ಅನಿಲಗಳನ್ನು ಹೊರಬಿಡುತ್ತದೆ. ಆ ಅನಿಲಗಳೇ ಮುಂದಿನ ವಿಘಟನೆಗೆ ವೇಗ ಕೊಡುತ್ತವೆ. ಇದನ್ನು ತಡೆಯಲು ತಯಾರಿಕೆಯಲ್ಲೇ ಸ್ಥಿರಕಾರಿ ಪದಾರ್ಥವನ್ನು ಬೆರೆಸಿರುತ್ತಾರೆ. ಅದು ಖರ್ಚಾಗಿ ಮುಗಿದ ಬಳಿಕ ಮದ್ದಿಗೆ ಕಾವಲು ಇಲ್ಲದಂತಾಗುತ್ತದೆ. ಉಷ್ಣತೆ ಏರಿದಷ್ಟೂ ಈ ಕ್ರಿಯೆ ಚುರುಕಾಗುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಹೊಸಪೇಟೆ, ಬಳ್ಳಾರಿ ಸೀಮೆಯಲ್ಲಿ ತಗಡಿನ ಶೆಡ್ಡಿನೊಳಗಿನ ಕಾವು ಎಷ್ಟಿರುತ್ತದೆಂದು ಎಲ್ಲರೂ ಬಲ್ಲರು.

ಕೇಪಿನ ವಿಷಯ ಇನ್ನೂ ಸೂಕ್ಷ್ಮ. ಅದರಲ್ಲಿರುವ ಸ್ಫೋಟಕದ ಪ್ರಮಾಣ ಅತ್ಯಲ್ಪ. ಆದರೆ ಪೆಟ್ಟಿಗೆ, ಒತ್ತಡಕ್ಕೆ, ಬೆಂಕಿಗೆ ತಕ್ಷಣ ಸಿಡಿಯುವಂತೆಯೇ ಅದನ್ನು ರಚಿಸಿರುತ್ತಾರೆ. ಇಕ್ಕಳ, ಸುತ್ತಿಗೆ, ಗ್ಯಾಸ್ ಕಟರ್ ಇವೇ ಉಪಕರಣಗಳಾಗಿರುವ ಅಂಗಳದಲ್ಲಿ ಅದು ಇರಬಾರದ ವಸ್ತು. ಹಳೆಯ ಕೇಪುಗಳಲ್ಲಿ ಪಾದರಸದ ಫಲ್ಮಿನೇಟ್ ಎಂಬ ಸಂಯುಕ್ತವಿರುತ್ತಿತ್ತು. ತೋಟಾ ಹಾರಿದಾಗ ಬಿಡುಗಡೆಯಾದ ಪಾದರಸ ಕೋಶದ ಹಿತ್ತಾಳೆಯೊಳಗೆ ಸೇರಿ ಅದನ್ನು ಪೆಡಸುಗೊಳಿಸುತ್ತದೆ. ಕಣ್ಣಿಗೆ ಹೊಳೆಯುವ ಇಂಥ ಖಾಲಿ ಕೋಶಗಳನ್ನು ಮೂಸೆಯಲ್ಲಿ ಕರಗಿಸಿದಾಗ ಪಾದರಸದ ಆವಿ ಏಳುವ ಸಂಭವವಿದೆ. ಎರಕದವನ ಮೂಗು ಮೂಸೆಗೆ ಎಷ್ಟು ಸಮೀಪವಿರುತ್ತದೆಂಬುದನ್ನು ನೆನೆದರೆ ಸಾಕು.

ಹಿತ್ತಾಳೆಯೂ ಮುಪ್ಪಾಗುತ್ತದೆ ಎಂಬುದಕ್ಕೆ ಲೋಹಶಾಸ್ತ್ರದ ಪಠ್ಯಗಳಲ್ಲೆಲ್ಲ ಉಲ್ಲೇಖಗೊಳ್ಳುವ ನಿದರ್ಶನ ನಮ್ಮ ದೇಶದ್ದೇ. ಬ್ರಿಟಿಷರ ಆಳ್ವಿಕೆಯಲ್ಲಿ ಮಳೆಗಾಲದ ಹೊತ್ತಿಗೆ ಸೇನಾ ಚಟುವಟಿಕೆ ಕುಗ್ಗಿದಾಗ ತೋಟಾಗಳನ್ನು ಕುದುರೆ ಲಾಯಗಳಲ್ಲಿ ಶೇಖರಿಸಿಡುತ್ತಿದ್ದರು. ಮಳೆ ನಿಂತು ಪೆಟ್ಟಿಗೆ ತೆರೆದಾಗ ಎಷ್ಟೋ ಕೋಶಗಳು ಕತ್ತಿನ ಬಳಿ ಸೀಳಿರುತ್ತಿದ್ದವು. ಋತುವಿಗೂ ಬಿರುಕಿಗೂ ಸಂಬಂಧವಿದೆಯೆಂದು ಭಾವಿಸಿ ಇದಕ್ಕೆ ‘ಸೀಸನ್ ಕ್ರ್ಯಾಕಿಂಗ್’ ಎಂಬ ಹೆಸರಿಟ್ಟರು. 1921ರಲ್ಲಿ ಮೂರ್, ಬೆಕಿನ್‌ಸೇಲ್ ಮತ್ತು ಮ್ಯಾಲಿನ್‌ಸನ್ ಎಂಬ ಸಂಶೋಧಕರು ನಿಜವಾದ ಕಾರಣವನ್ನು ನಿರೂಪಿಸಿದರು: ಕುದುರೆಯ ಮೂತ್ರದಿಂದ ಏಳುವ ಅಮೋನಿಯಾ, ತೇವದ ಗಾಳಿ ಹಾಗೂ ಕೋಶವನ್ನು ಎಳೆದು ರೂಪಿಸುವಾಗ ಲೋಹದಲ್ಲಿ ಉಳಿದ ಬಿಗಿತ, ಈ ಮೂರೂ ಕೂಡಿದಾಗ ಹಿತ್ತಾಳೆ ಬಿರಿಯುತ್ತದೆ. ಇಂದಿಗೂ ಯೂರಿಯಾ ಮೂಟೆಗಳ ಮಗ್ಗುಲಿನಲ್ಲೋ ಕೊಟ್ಟಿಗೆಯ ಅಟ್ಟದ ಮೇಲೋ ಬಹುಕಾಲ ಉಳಿದ ತೋಟಾಗಳ ಕೋಶ ಬಿರಿದು ಮದ್ದು ಹೊರಸೂಸುವ ಸಾಧ್ಯತೆ ಇದ್ದೇ ಇದೆ.

ಎರಕದವನ ದೃಷ್ಟಿಯಿಂದ

ಇಷ್ಟಾಗಿಯೂ ಖಾಲಿ ಕೋಶದ ಲೋಹ ಉತ್ತಮವೆಂಬುದರಲ್ಲಿ ಸಂಶಯವಿಲ್ಲ. ಆದರೆ ಯಾವ ಕೆಲಸಕ್ಕೆ ಉತ್ತಮ? ಎಪ್ಪತ್ತು–ಮೂವತ್ತರ ಹಿತ್ತಾಳೆ ತಗಡನ್ನು ಎಳೆದು ಆಳವಾದ ಪಾತ್ರೆ ಮಾಡಲು ಹೇಳಿ ಮಾಡಿಸಿದ್ದು. ಲೇಥಿನಲ್ಲಿ ಕಡೆಯುವ ಕೆಲಸಕ್ಕೆ ಬೇಕಾದುದು ಸೀಸ ಬೆರೆತ, ತಾಮ್ರದ ಪಾಲು ಕಡಿಮೆಯಿರುವ ಹಿತ್ತಾಳೆ. ಅದರ ಸಿಪ್ಪೆ ಪುಡಿಪುಡಿಯಾಗಿ ಉದುರುತ್ತದೆ. ತೋಟಾದ ಹಿತ್ತಾಳೆಯ ಸಿಪ್ಪೆಯಾದರೋ ಉದ್ದುದ್ದ ಸುರುಳಿಯಾಗಿ ಉಪಕರಣಕ್ಕೆ ಸುತ್ತಿಕೊಳ್ಳುತ್ತದೆ. ಪಂಪಿನ ಬುಷ್‌ಗೆ ಬೇಕಾದ ಗನ್‌ಮೆಟಲ್ಲಿನಲ್ಲಿ ತವರವಿರಬೇಕು, ತೋಟಾದಲ್ಲಿ ಅದಿಲ್ಲ. ಹೆಸರಿನಲ್ಲಿ ‘ಗನ್’ ಇದ್ದ ಮಾತ್ರಕ್ಕೆ ಕೋವಿಯ ಗುಜರಿ ಸರಿಹೊಂದುವುದಿಲ್ಲ. ಗುಂಡು ಸಹಿತವಾದ ತೋಟಾಗಳು ಬೆರೆತರಂತೂ ಸೀಸ ಸೇರಿಕೊಂಡು, ತಗಡಿನ ಕೆಲಸಕ್ಕಿದ್ದ ಗುಣವೂ ಕೆಡುತ್ತದೆ: ಸೀಸವಿರುವ ಈ ಜಾತಿಯ ಹಿತ್ತಾಳೆ ಬಿಸಿಯಲ್ಲಿ ಉರುಳೆಗೆ ಕೊಟ್ಟಾಗ ಬಿರಿಯುತ್ತದೆ. ನಮ್ಮ ಸೀಮೆಯ ಸಣ್ಣ ಎರಕದ ಘಟಕಗಳಿಗೆ ‘ಮಿಲಿಟರಿ ಹಿತ್ತಾಳೆ’ಯಿಂದ ಆಗುವ ವಿಶೇಷ ಪ್ರಯೋಜನ, ಅದಕ್ಕಿರುವ ಖ್ಯಾತಿಗಿಂತ ಬಹಳ ಕಡಿಮೆ.

ಕಾನೂನುಬದ್ಧ ಮಾರ್ಗದಲ್ಲಿ ಈ ಲೋಹ ಮಾರುಕಟ್ಟೆಗೆ ಬರುವುದಿಲ್ಲವೆಂದಲ್ಲ. ಸೇನೆಯಲ್ಲೂ ಪೊಲೀಸ್ ಇಲಾಖೆಯಲ್ಲೂ ಗುರಿ ಅಭ್ಯಾಸ ಮುಗಿದ ಬಳಿಕ ಖಾಲಿ ಕೋಶಗಳನ್ನು ಎಣಿಸಿ ಹಿಂತಿರುಗಿಸುವ ಪದ್ಧತಿಯಿದೆ. ರಕ್ಷಣಾ ಇಲಾಖೆಯ ತ್ಯಾಜ್ಯ ಲೋಹದ ವಿಲೇವಾರಿಗೆ 1964ರಲ್ಲಿ ಸ್ಥಾಪಿತವಾದ ಎಂಎಸ್‌ಟಿಸಿ ಸಂಸ್ಥೆಯ ಇ–ಹರಾಜು ಪ್ರಮುಖ ಮಾರ್ಗ. ಮದ್ದುಗುಂಡಿನ ಮೂಲದ ಲೋಹಕ್ಕೆ ‘ಸ್ಫೋಟಕಮುಕ್ತ’ ಎಂಬ ಪ್ರಮಾಣಪತ್ರ ಅತ್ಯಗತ್ಯ. ವ್ಯವಹಾರದಲ್ಲಿ ಇದನ್ನು ಎಫ್‌ಎಫ್‌ಇ ಪತ್ರವೆನ್ನುತ್ತಾರೆ. ಅಂತರರಾಷ್ಟ್ರೀಯ ಗುಜರಿ ವ್ಯಾಪಾರದಲ್ಲಿ ಇಸ್ರಿ ಹೆಸರಿನಿಂದ ಪರಿಚಿತವಾದ ಅಮೆರಿಕದ ವರ್ಗೀಕರಣ ಪ್ರಚಲಿತವಾಗಿದ್ದು, ಅದರಲ್ಲಿ ಈ ಲೋಹಕ್ಕೇ ನಾಲ್ಕು ಸಂಕೇತನಾಮಗಳಿವೆ. ಕೇಪಿಲ್ಲದ ದೊಡ್ಡ ಕೋಶ ‘ಲೇಸ್’, ಕೇಪು ಸಹಿತವಾದದ್ದು ‘ಲೇಡಿ’, ಹಾರಿಸಿ ಖಾಲಿಯಾದ ರೈಫಲ್ ಕೋಶ ‘ಲೇಕ್’, ಕುಲುಮೆಯಲ್ಲಿ ಕಾಯಿಸಿ ಸಿಡಿಸಿ ನಿರುಪಾಯಗೊಳಿಸಿದ್ದು ‘ಲ್ಯಾಂಬ್’. ಹಿತ್ತಾಳೆ ಗುಜರಿಯನ್ನು ಆಮದು ಮಾಡಿಕೊಳ್ಳುವ ಜಾಮ್‌ನಗರದಂತಹ ಕೇಂದ್ರಗಳೊಡನೆ ವ್ಯವಹರಿಸುವವರು ಕರಾರಿನಲ್ಲಿ ಈ ಹೆಸರುಗಳನ್ನು ಕಂಡರೆ ಅರ್ಥ ತಿಳಿದಿರಬೇಕು. ವಿಶೇಷವಾಗಿ ‘ಲೇಡಿ’ ಎಂಬ ಪದ ಕಂಡಾಗ, ಆ ಕೇಪುಗಳು ಸಿಡಿದು ಮುಗಿದಿವೆಯೇ ಎಂದು ಕೇಳದೆ ಮುಂದುವರಿಯಬಾರದು.

2004ರ ಪಾಠ ಮತ್ತು ತರುವಾಯದ ನಿಯಮಗಳು

2004ರ ಸೆಪ್ಟೆಂಬರ್ 30ರಂದು ಗಾಜಿಯಾಬಾದ್ ಬಳಿಯ ಸಾಹಿಬಾಬಾದಿನ ಉಕ್ಕಿನ ಕಾರ್ಖಾನೆಯೊಂದರಲ್ಲಿ ಆಮದು ಗುಜರಿಯೊಳಗಿದ್ದ ಶೆಲ್ ಸಿಡಿದು ಹತ್ತು ಮಂದಿ ಕಾರ್ಮಿಕರು ಮೃತಪಟ್ಟರು. ಆ ಬಳಿಕ ದೇಶದ ಹಲವೆಡೆ ಇದೇ ಬಗೆಯ ಗುಜರಿಯಲ್ಲಿ ಶೆಲ್ಲುಗಳೂ ತೋಟಾಗಳೂ ಪತ್ತೆಯಾದವು. ವಿದೇಶ ವ್ಯಾಪಾರ ಮಹಾನಿರ್ದೇಶನಾಲಯವು ಚೂರು ಮಾಡದ ಲೋಹ ಗುಜರಿಯ ಆಮದಿಗೆ ಹಡಗು ಏರುವ ಮುನ್ನವೇ ತಪಾಸಣೆಯ ಪ್ರಮಾಣಪತ್ರ ಪಡೆಯುವುದನ್ನು ಕಡ್ಡಾಯಗೊಳಿಸಿತು. ಶಸ್ತ್ರ, ಮದ್ದುಗುಂಡು, ನೆಲಬಾಂಬು, ಶೆಲ್ ಹಾಗೂ ವಿಕಿರಣಶೀಲ ವಸ್ತುಗಳು ಇಲ್ಲವೆಂದು ಮಾನ್ಯತೆ ಪಡೆದ ಸಂಸ್ಥೆ ದೃಢೀಕರಿಸಬೇಕು. ವಿಕಿರಣದ ಮಾತು ಕೇವಲ ಕಾಗದದ್ದಲ್ಲವೆಂಬುದು 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಯಲ್ಲಿ ಕೋಬಾಲ್ಟ್–60ರಿಂದ ಸಾವು ಸಂಭವಿಸಿದಾಗ ಎಲ್ಲರಿಗೂ ಮನವರಿಕೆಯಾಯಿತು. ಅಲ್ಲಿ ವಸ್ತು ವಿದೇಶದ್ದಲ್ಲ, ದೆಹಲಿ ವಿಶ್ವವಿದ್ಯಾಲಯ ಹರಾಜಿನಲ್ಲಿ ಮಾರಿದ ಹಳೆಯ ಉಪಕರಣದ್ದು.

ಒಂದೇ ಒಂದು ರೈಫಲ್ ತೋಟಾ ಕುಲುಮೆಗೆ ಬಿದ್ದರೆ ಏನಾದೀತೆಂದು ಕೆಲವರು ಕೇಳುತ್ತಾರೆ. ಕೋವಿಯ ನಳಿಗೆಯ ಆಸರೆಯಿಲ್ಲದೆ ಸಿಡಿದ ತೋಟಾದ ಗುಂಡು ದೂರ ಹಾರುವುದಿಲ್ಲ. ಕೋಶ ಒಡೆದು ಹಿತ್ತಾಳೆಯ ಚೂರುಗಳು ಚಿಮ್ಮುತ್ತವೆ. ಕುಲುಮೆ ಕುಸಿಯಲಿಕ್ಕಿಲ್ಲ. ಆದರೆ ಎದುರಿಗಿದ್ದವನ ಕಣ್ಣು ಹೋಗಲು ಆ ಚೂರು ಸಾಕು, ಕರಗಿದ ಲೋಹದ ಹನಿಯೂ ಸಾಕು. ನಿಜವಾದ ಆತಂಕ ಬೇರೆಯದು. ತೋಟಾ ಬಂದಿರುವ ಲೋಡಿನಲ್ಲಿ ಅದೇ ಮೂಲದ ಶೆಲ್, ಫ್ಯೂಸ್, ಗ್ರೆನೇಡ್ ಕೂಡ ಬಂದಿರಬಹುದು. ಸಾಹಿಬಾಬಾದಿನಲ್ಲಿ ಜೀವ ತೆಗೆದದ್ದು ಅಂಥದೇ ವಸ್ತು. ಆದ್ದರಿಂದ ಒಂದು ತೋಟಾ ಕಣ್ಣಿಗೆ ಬಿದ್ದರೆ ಆ ಒಂದನ್ನು ಎತ್ತಿಟ್ಟು ಉಳಿದುದನ್ನು ಕುಲುಮೆಗೆ ಹಾಕುವುದು ಅವಿವೇಕ. ಇಡೀ ಲೋಡನ್ನೇ ನಿಲ್ಲಿಸಬೇಕು.

ಹಳೆಯ ಮದ್ದುಗುಂಡನ್ನು ನಿಷ್ಕ್ರಿಯಗೊಳಿಸುವುದು ತಜ್ಞರ ಉಸ್ತುವಾರಿಯಲ್ಲೂ ಎಷ್ಟು ಅಪಾಯಕರವೆಂಬುದಕ್ಕೆ 2018ರ ನವೆಂಬರ್ 20ರಂದು ಮಹಾರಾಷ್ಟ್ರದ ವಾರ್ಧಾ ಜಿಲ್ಲೆಯ ಪುಲಗಾಂವ್ ಬಳಿ ನಡೆದ ಅವಘಡ ಸಾಕ್ಷಿ. ನಾಶಪಡಿಸಲು ತಂದ ಹಳೆಯ ಮದ್ದುಗುಂಡಿನ ಪೆಟ್ಟಿಗೆಗಳನ್ನು ಇಳಿಸುತ್ತಿದ್ದಾಗ ಸ್ಫೋಟವಾಗಿ ಆರು ಮಂದಿ ಅಸುನೀಗಿದರು; ಅವರಲ್ಲಿ ಗುತ್ತಿಗೆ ಕೂಲಿಗಳೂ ಇದ್ದರು. ನಮ್ಮ ರಾಜ್ಯದಲ್ಲೇ 2021ರ ಫೆಬ್ರವರಿಯಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿ ಬಳಿ ಅಕ್ರಮ ಜಿಲೆಟಿನ್ ಕಡ್ಡಿಗಳನ್ನು ರಾತ್ರೋರಾತ್ರಿ ವಿಲೇವಾರಿ ಮಾಡಹೋದ ಆರು ಮಂದಿ ಮಡಿದರು. ಅಲ್ಲಿ ಕೊಂದದ್ದು ವಸ್ತುವಿನಷ್ಟೇ ಅವಸರ. ಪೊಲೀಸರು ಬರುವ ಮುನ್ನ ಸಾಗಿಸಿಬಿಡೋಣ ಎಂಬ ಯೋಚನೆ ಗುಜರಿ ಅಂಗಳದಲ್ಲೂ ಬರುವುದುಂಟು.

ಕಂಡಾಗ ಏನು ಮಾಡಬೇಕು

ವಸ್ತುವನ್ನು ಮುಟ್ಟದೆ, ಕದಲಿಸದೆ, ಗ್ಯಾಸ್ ಕಟರ್ ಹಾಗೂ ಕ್ರೇನಿನ ಕೆಲಸವನ್ನು ನಿಲ್ಲಿಸಿ, ಜನರನ್ನು ದೂರ ಸರಿಸಿ 112ಕ್ಕೆ ಅಥವಾ ಸಮೀಪದ ಠಾಣೆಗೆ ತಿಳಿಸಬೇಕು. ನೀರಿನಲ್ಲಿ ಮುಳುಗಿಸುವುದು, ಹೂಳುವುದು, ತುಂಗಭದ್ರೆಯ ಕಾಲುವೆಗೆ ಎಸೆಯುವುದು ಇವಾವುವೂ ಪರಿಹಾರಗಳಲ್ಲ. ನಿಷ್ಕ್ರಿಯಗೊಳಿಸುವುದು ಪೊಲೀಸ್ ಇಲಾಖೆಯ ಬಾಂಬ್ ನಿಷ್ಕ್ರಿಯ ದಳದ ಕೆಲಸ. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದ ಮೇಲೆ ಹೊಸಪೇಟೆ, ಹಂಪಿ ಆ ಜಿಲ್ಲೆಗೂ ಕಂಪ್ಲಿ, ಸಂಡೂರು ಬಳ್ಳಾರಿ ಜಿಲ್ಲೆಗೂ ಸೇರಿವೆ. ಹೊಸಪೇಟೆಯಲ್ಲಿ ಅಂಗಡಿ, ತೋರಣಗಲ್ಲಿನ ಕಡೆ ಗೋದಾಮು ಇರುವವರು ಮಾಲು ಇರುವ ಸ್ಥಳದ ಠಾಣೆಗೇ ತಿಳಿಸುವುದು ಸೂಕ್ತ. ಅದನ್ನು ಇನ್ನೊಂದು ಜಿಲ್ಲೆಗೆ ಸಾಗಿಸಿ ಒಪ್ಪಿಸಹೋಗುವುದು ಸಲ್ಲದು.

ದೂರು ಕೊಟ್ಟರೆ ತಮ್ಮ ಮೇಲೆಯೇ ಮೊಕದ್ದಮೆ ಬಂದೀತೆಂಬ ಅಂಜಿಕೆ ವ್ಯಾಪಾರಿಗಳಲ್ಲಿದೆ. ಅದು ನಿರಾಧಾರವೆನ್ನಲಾಗದು, ಆದರೆ ಕಾನೂನು ಈ ವಿಷಯದಲ್ಲಿ ಕುರುಡಾಗಿಲ್ಲ. 1972ರ ಗುಣವಂತಲಾಲ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಶಸ್ತ್ರಾಸ್ತ್ರ ಕಾಯ್ದೆಯ ಅರ್ಥದಲ್ಲಿ ಸ್ವಾಧೀನವೆಂದರೆ ಅರಿವಿನಿಂದ ಕೂಡಿದ ಸ್ವಾಧೀನವೆಂದು ಸ್ಪಷ್ಟಪಡಿಸಿದೆ. ಹಲವು ಟನ್ ಗುಜರಿಯ ನಡುವೆ ಗೊತ್ತಿಲ್ಲದೆ ಬಂದುದಕ್ಕೂ, ಕಂಡ ಮೇಲೆ ಬಚ್ಚಿಟ್ಟುದಕ್ಕೂ ಇರುವ ಅಂತರ ಇದೇ. ಕಾಯ್ದೆಯ 45ನೆಯ ಕಲಮಿನ (ಡಿ) ಉಪಕಲಮು, ಪೂರಕ ಭಾಗಗಳೊಡನೆ ಬಳಸುವ ಉದ್ದೇಶವಿಲ್ಲದ ಸಣ್ಣ ಬಿಡಿಭಾಗಗಳಿಗೆ ವಿನಾಯಿತಿ ನೀಡುತ್ತದೆ. ಒಂಟಿ ಖಾಲಿ ಕೋಶ ಇಟ್ಟುಕೊಂಡವನಿಗೆ ಈ ಉಪಕಲಮು ಆಸರೆಯಾಗಬಲ್ಲದು. ಚೀಲಗಟ್ಟಲೆ ಇಟ್ಟುಕೊಂಡವನು ಇದನ್ನು ನೆಚ್ಚಿ ಕೂರುವುದು ತರವಲ್ಲ. ಅದನ್ನು ತೀರ್ಮಾನಿಸುವುದು ನ್ಯಾಯಾಲಯ, ತೀರ್ಮಾನವಾಗುವವರೆಗೆ ಅಲೆದಾಟ ತಪ್ಪದು.

ಅರಿವಿರಲಿಲ್ಲವೆಂದು ಸಾಬೀತುಪಡಿಸಲು ನೆರವಾಗುವುದು ಖರೀದಿಯ ದಾಖಲೆ. 2024ರ ಅಕ್ಟೋಬರ್ 10ರಿಂದ, ನೋಂದಣಿಯಿಲ್ಲದವರಿಂದ ಲೋಹದ ಗುಜರಿ ಕೊಂಡ ನೋಂದಾಯಿತ ವ್ಯಾಪಾರಿ ಜಿಎಸ್‌ಟಿಯನ್ನು ತಾನೇ ಪಾವತಿಸುವ ರಿವರ್ಸ್ ಚಾರ್ಜ್ ಪದ್ಧತಿ ಜಾರಿಗೆ ಬಂದಿತು. ನೋಂದಾಯಿತರ ನಡುವಣ ಖರೀದಿಗೆ ಶೇಕಡ 2ರ ಟಿಡಿಎಸ್ ಕೂಡ. ಹೀಗಾಗಿ ಬೀದಿಯ ಸಂಗ್ರಾಹಕರಿಂದ ಕೊಂಡದ್ದಕ್ಕೂ ಬರವಣಿಗೆ ಇರಲೇಬೇಕಾಗಿದೆ. ಅದೇ ಪುಸ್ತಕದಲ್ಲಿ ಮಾರಿದವನ ಹೆಸರು, ವಾಹನದ ಸಂಖ್ಯೆ, ಮಾಲು ಎಲ್ಲಿಂದ ಬಂತು, ಇಳಿಸುವಾಗ ಯಾರು ಪರಿಶೀಲಿಸಿದರು ಎಂದು ಬರೆದಿಡಲು ಇನ್ನೊಂದು ಅಂಕಣ ಸಾಕು. ತೋರಣಗಲ್ಲಿನ ಬೃಹತ್ ಸ್ಥಾವರದಂತೆ ಪ್ರತ್ಯೇಕ ತಪಾಸಣಾ ವಿಭಾಗ ನಡೆಸಲಾಗದ ಸಣ್ಣ ಕುಲುಮೆಗಳು ಕನಿಷ್ಠಪಕ್ಷ ಮಾಲನ್ನು ನೆಲದ ಮೇಲೆ ತೆಳುವಾಗಿ ಹರಡಿ, ಮುಚ್ಚಿದ ಕೊಳವೆ, ಸಿಲಿಂಡರ್, ಡಬ್ಬಿಗಳನ್ನು ಬೇರ್ಪಡಿಸಬೇಕು. ಮದ್ದಿಲ್ಲದಿದ್ದರೂ ಒಳಗೆ ನೀರು ನಿಂತ ಮುಚ್ಚಿದ ಕೊಳವೆ ಕುಲುಮೆಯಲ್ಲಿ ಸಿಡಿಯುತ್ತದೆ. ಹಂಪಿಯ ಆಸುಪಾಸಿನಿಂದ ಬರುವ ತೀರ ಹಳೆಯ ತಾಮ್ರ, ಕಂಚಿನ ವಸ್ತುಗಳನ್ನು ಬೇರೊಂದು ಕಾರಣಕ್ಕೆ ಕುಲುಮೆಯಿಂದ ದೂರವಿಡಬೇಕು: ಅವು ನಿಧಿ ಹಾಗೂ ಪುರಾತತ್ತ್ವ ಸಂಬಂಧದ ಶಾಸನಗಳ ವ್ಯಾಪ್ತಿಗೆ ಬರಬಹುದು.

ಗುಜರಿಗೆ ಹೊರತಾದ ಇನ್ನೊಂದು ಸಂದರ್ಭವನ್ನೂ ಹೇಳಬೇಕು. ಹಿಂದೆ ಬೇಟೆಗೋ ಬೆಳೆ ರಕ್ಷಣೆಗೋ ಕೋವಿಯ ಪರವಾನಗಿ ಪಡೆದಿದ್ದ ಮನೆಗಳಲ್ಲಿ, ಹಿರಿಯರು ತೀರಿಕೊಂಡ ಮೇಲೆ ಪೆಟ್ಟಿಗೆಯ ತಳದಲ್ಲಿ ಹಳೆಯ ತೋಟಾಗಳು ಉಳಿದಿರುವುದುಂಟು. ಮನೆ ಖಾಲಿ ಮಾಡುವಾಗ ಇವು ಹಿತ್ತಾಳೆ ಪಾತ್ರೆಗಳ ಜೊತೆಗೆ ಗುಜರಿ ಅಂಗಡಿ ತಲುಪುತ್ತವೆ. ಶಸ್ತ್ರಾಸ್ತ್ರ ಕಾಯ್ದೆಯ 21ನೆಯ ಕಲಮಿನಂತೆ, ಪರವಾನಗಿದಾರರು ಮೃತರಾದಾಗ ವಾರಸುದಾರರು ಅನಗತ್ಯ ವಿಳಂಬವಿಲ್ಲದೆ ಶಸ್ತ್ರವನ್ನೂ ಮದ್ದುಗುಂಡನ್ನೂ ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿ ಪಡೆದ ಶಸ್ತ್ರ ವ್ಯಾಪಾರಿಯಲ್ಲಿ ಠೇವಣಿಯಿಡಬೇಕು. ಅಂಗಡಿಗೆ ಇಂಥ ತೋಟಾಗಳನ್ನು ತಂದವರಿಗೆ ತೂಕ ಹಾಕಿ ಹಣ ಕೊಡದೆ, ಈ ಕಲಮಿನ ವಿಷಯವನ್ನು ತಿಳಿಸಿ ಠಾಣೆಗೆ ಮಾಹಿತಿ ನೀಡುವಂತೆ ಹೇಳಬೇಕು. ಪರವಾನಗಿ ಪತ್ರ ಮನೆಯಲ್ಲಿ ಸಿಕ್ಕರೆ ಅದನ್ನೂ ಜೊತೆಗೆ ಒಯ್ಯುವುದು ಅನುಕೂಲ.